ಜುಲೈ 3: ಬ್ರಿಗೇಡಿಯರ್ ಉಸ್ಮಾನ್ ಅವರನ್ನು ಯಾವುದಕ್ಕಾಗಿ ನೆನೆಯಬೇಕು?

ಮೇಷ್ಟ್ರು
ಶಾಲೆಯ ಭಿತ್ತಿಪತ್ರಿಕೆಗೆ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಬಗ್ಗೆ ಹತ್ತು ಸಾಲು ಬರೆಯಬೇಕಾಗಿದೆ. 50ನೇ ಪ್ಯಾರಾಶೂಟ್ ಬ್ರಿಗೇಡಿನ ಕಮಾಂಡರ್ ಆಗಿದ್ದ ಅವರು ಕಾಶ್ಮೀರಕ್ಕಾಗಿ ನಡೆದ ಮೊದಲ ಭಾರತ–ಪಾಕಿಸ್ತಾನ ಯುದ್ಧದಲ್ಲಿ, 1948ರ ಜುಲೈ 3ರಂದು, ಜಮ್ಮುವಿನ ರಜೌರಿ ಸೀಮೆಯ ಝಂಗರ್‌ನಲ್ಲಿ ಶತ್ರುವಿನ ಶೆಲ್ಲಿಗೆ ಬಲಿಯಾದರು. ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಇಷ್ಟು ಬರೆದು ನಿಂತಿದ್ದೇನೆ. ಪ್ರತಿವರ್ಷ ಈ ದಿನ ಮೊಬೈಲಿಗೆ ಬರುವ ಸಂದೇಶ ಒಂದೇ: ‘ಪಾಕಿಸ್ತಾನದ ಸೇನಾ ಮುಖ್ಯಸ್ಥನನ್ನಾಗಿ ಮಾಡುತ್ತೇನೆ ಎಂದು ಜಿನ್ನಾ ಕರೆದರೂ ಹೋಗದ ಮುಸ್ಲಿಂ ವೀರ.’ ಅದನ್ನೇ ಹಾಕಿಬಿಡಲೇ?

ಮಳೆಗಾಲ
ಹಾಕಿ ಮೇಷ್ಟ್ರೇ, ತಪ್ಪೇನಿದೆ? ಅವರು ಬಲೂಚ್ ರೆಜಿಮೆಂಟಿನ ಅಧಿಕಾರಿ. ದೇಶ ಒಡೆದಾಗ ಆ ರೆಜಿಮೆಂಟೇ ಆಚೆಯವರ ಪಾಲಿಗೆ ಹೋಯಿತು. ಒಂದೇ ಮೆಸ್ಸಿನಲ್ಲಿ ಉಂಡವರು ಅತ್ತ ಹೊರಟಾಗ ಇವರು ಇಲ್ಲೇ ಉಳಿದು ಡೋಗ್ರಾ ರೆಜಿಮೆಂಟಿಗೆ ಸೇರಿದರು. ಇದಕ್ಕಿಂತ ದೊಡ್ಡ ಸಂಗತಿ ಇನ್ನೇನು ಬೇಕು?

ಚಾರ್ವಾಕ
ಉಳಿದದ್ದು ನಿಜ, ದೊಡ್ಡದೂ ಹೌದು. ಸೇನಾ ಮುಖ್ಯಸ್ಥನ ಕಥೆ ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. 1912ರ ಜುಲೈ 15ರಂದು ಹುಟ್ಟಿದ ಉಸ್ಮಾನ್ ಅವರಿಗೆ ವಿಭಜನೆಯ ಹೊತ್ತಿಗೆ 35 ವರ್ಷ. ಪಾಕಿಸ್ತಾನ ಸೇನೆಯ ಮೊದಲ ಇಬ್ಬರು ಮುಖ್ಯಸ್ಥರು ಬ್ರಿಟಿಷರು: ಮೆಸರ್ವಿ, ಆಮೇಲೆ ಗ್ರೇಸಿ. ಮೂರನೆಯವರಾಗಿ ಅಯೂಬ್ ಖಾನ್ ಬಂದದ್ದು 1951ರ ಜನವರಿಯಲ್ಲಿ. ಆ ಅಯೂಬ್ ಬ್ರಿಟನ್ನಿನ ಸೇನಾ ಅಕಾಡೆಮಿಯಾದ ಸ್ಯಾಂಡ್‌ಹರ್ಸ್ಟ್‌ನಿಂದ 1928ರಲ್ಲಿ ಹೊರಬಂದವರು, ಉಸ್ಮಾನ್ 1934ರಲ್ಲಿ. ಆರು ವರ್ಷ ಕಿರಿಯ ಅಧಿಕಾರಿಗೆ ಯಾರು ಮುಖ್ಯಸ್ಥನ ಪಟ್ಟ ಕಟ್ಟುತ್ತಾರೆ? ಬಡ್ತಿಯ ಆಸೆ ತೋರಿಸಿರಬಹುದು. ‘ಮುಖ್ಯಸ್ಥ’ ಎಂಬುದು ಆಮೇಲೆ ಯಾರೋ ಹಾಕಿದ ಒಗ್ಗರಣೆ.

ನೂರ್
ಚಾರ್ವಾಕರ ಲೆಕ್ಕ ಸರಿಯಾಗಿದೆ. ನನ್ನ ತಕರಾರು ಬೇರೆ. ಉಸ್ಮಾನ್ ಅವರ ಹೆಸರನ್ನು ಯಾರಾದರೂ ನನ್ನ ಮುಂದೆ ಎತ್ತುವುದು ಒಂದೇ ಸಂದರ್ಭದಲ್ಲಿ, ‘ನಿಮ್ಮಲ್ಲೂ ಒಳ್ಳೆಯವರು ಇದ್ದಾರೆ ನೋಡಿ’ ಎಂದು ಬೆನ್ನು ತಟ್ಟುವಾಗ. ಒಬ್ಬ ಸೇನಾನಿಯನ್ನು ಸಮುದಾಯದ ನಡತೆ ಪ್ರಮಾಣಪತ್ರ ಮಾಡಿಬಿಟ್ಟಿದ್ದೇವೆ. ಆತ ಯುದ್ಧದಲ್ಲಿ ಮಾಡಿದ್ದೇನು ಎಂದು ಕೇಳಿ ನೋಡಿ, ಸಂದೇಶ ಕಳುಹಿಸಿದವರಲ್ಲಿ ನೂರಕ್ಕೆ ತೊಂಬತ್ತು ಜನ ಬಾಯಿ ಬಿಡುವುದಿಲ್ಲ.

ಕುತೂಹಲಿ
ನಾನೂ ಆ ತೊಂಬತ್ತರಲ್ಲಿ ಒಬ್ಬ. ಪ್ಯಾರಾಶೂಟ್ ಬ್ರಿಗೇಡ್ ಎಂದಿರಲ್ಲ, ಅವರು ಎಲ್ಲಿ ಧುಮುಕಿದರು?

ನಿವೃತ್ತ ಸುಬೇದಾರ
ಕಾಶ್ಮೀರದ ಆ ಯುದ್ಧದಲ್ಲಿ ಎಲ್ಲಿಯೂ ಧುಮುಕಲಿಲ್ಲ. ಈ ಬ್ರಿಗೇಡ್ ಕಟ್ಟಿದ್ದು 1941ರಲ್ಲಿ. 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್‌ನಲ್ಲಿ ಜಪಾನಿಯರನ್ನು ತಡೆದಾಗಲೂ ಅದು ನೆಲದ ಮೇಲೇ ಕಾದಿತು. 1947–48ರಲ್ಲಿಯೂ ಅಷ್ಟೇ: ತಲೆಯ ಮೇಲೆ ಮರೂನ್ ಟೋಪಿ, ಕೆಲಸ ಕಾಲಾಳಿನದು. ಅದರಲ್ಲಿದ್ದ ಮರಾಠಾ ಲಘು ಪದಾತಿಯ 3ನೇ ಪ್ಯಾರಾ ಬೆಟಾಲಿಯನ್ ಮುಂದೆ 2 ಪ್ಯಾರಾ ಎಂದಾಯಿತು. ‘ಝಂಗರ್’ ಆ ಪಡೆಯ ಯುದ್ಧ ಗೌರವಗಳಲ್ಲಿ ಒಂದು. ಮರಾಠಾ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿದೆ, ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ. ನಮ್ಮವರಿಗೆ ಇದು ದೂರದ ಕಥೆಯಲ್ಲ.

ಇನ್ನು ಅವರು ಮಾಡಿದ್ದೇನು ಎಂಬ ಪ್ರಶ್ನೆ. ಮೀರ್‌ಪುರ ಮತ್ತು ಕೋಟ್ಲಿಯ ರಸ್ತೆಗಳು ಸೇರುವ ಜಾಗ ಝಂಗರ್. 1947ರ ಡಿಸೆಂಬರಿನಲ್ಲಿ ಅದು ಕೈತಪ್ಪಿತು. ಶತ್ರುವಿನ ಮುಂದಿನ ಗುರಿ ನೌಶೇರಾ. ಆ ಪಟ್ಟಣವನ್ನು ಮೇಲಿನಿಂದ ನೋಡುವ ಎತ್ತರದ ಜಾಗ ಕೋಟ್. ಅದು ಎದುರಾಳಿಯ ಕೈಯಲ್ಲಿರುವವರೆಗೆ ನೌಶೇರಾದಲ್ಲಿ ಕುಳಿತವನು ಬೋನಿನಲ್ಲಿ ಕುಳಿತಂತೆ.

ಕೊಡಗಿನವಳು
ಅಲ್ಲಿಯೇ ನಮ್ಮ ಕಾರ್ಯಪ್ಪನವರು ಬರುತ್ತಾರೆ. 1948ರ ಜನವರಿಯಲ್ಲಿ ಪಶ್ಚಿಮದ ಸೇನೆಯ ಹೊಣೆ ಹೊತ್ತು ನೌಶೇರಾಕ್ಕೆ ಹೋದವರು ಉಸ್ಮಾನ್ ಅವರಲ್ಲಿ ಕೋಟ್ ಅನ್ನೇ ಉಡುಗೊರೆಯಾಗಿ ಕೇಳಿದರು. ಆ ಕಾರ್ಯಾಚರಣೆಗೆ ‘ಕಿಪ್ಪರ್’ ಎಂದು ಹೆಸರಿಟ್ಟರು, ಅದು ಕಾರ್ಯಪ್ಪನವರ ಅಡ್ಡಹೆಸರು. ಮೇಲಧಿಕಾರಿ ಕೇಳಿದ ಉಡುಗೊರೆಯನ್ನು ಅವರದೇ ಹೆಸರಿನ ಚೀಟಿ ಅಂಟಿಸಿ ಕೊಟ್ಟ ಹಾಗೆ! ಫೆಬ್ರವರಿ 1ರಂದು ಕೋಟ್ ಕೈಗೆ ಬಂತು.

ನಿವೃತ್ತ ಸುಬೇದಾರ
ಅದು ಬಂದ ರೀತಿಯನ್ನು ಹೇಳಲೇಬೇಕು ಅಕ್ಕ. ಎರಡು ದಿಕ್ಕಿನಿಂದ ಎರಡು ಬೆಟಾಲಿಯನ್‌ಗಳು ಏರಿದವು. ಬೆಳಗಿನ ಏಳರ ಹೊತ್ತಿಗೆ ಒಂದು ಕಡೆಯಿಂದ ಗೆದ್ದೆವೆಂಬ ಸಂದೇಶವೂ ಬಂತು. ಆದರೆ ಅವರು ಹಳ್ಳಿಯ ಮನೆಗಳನ್ನು ಒಂದೊಂದಾಗಿ ತಪಾಸಣೆ ಮಾಡದೆ ದಾಟಿಹೋಗಿದ್ದರು. ಒಳಗೆ ಉಳಿದಿದ್ದ ಶತ್ರುಗಳು ಎದ್ದು ಜಾಗವನ್ನು ಮತ್ತೆ ಹಿಡಿದುಕೊಂಡರು. ಉಸ್ಮಾನ್ ಇಂಥದ್ದಕ್ಕೆಂದೇ ಎರಡು ಕಂಪನಿಗಳನ್ನು ಕೈಯಲ್ಲಿ ಉಳಿಸಿಕೊಂಡಿದ್ದರು. ಅವನ್ನು ನುಗ್ಗಿಸಿದರು. ಹತ್ತು ಗಂಟೆಗೆ ಕೋಟ್ ಮತ್ತೆ ನಮ್ಮದಾಯಿತು. ಗೆದ್ದೆವು ಎಂಬ ಸುದ್ದಿ ಬರುವ ಮೊದಲೇ ಅದು ಕೈಜಾರಬಹುದು ಎಂದು ಎಣಿಸಿ ಎರಡು ಕಂಪನಿ ಬದಿಗಿಡುವವನನ್ನು ಸೇನೆಯಲ್ಲಿ ನಾವು ಕಮಾಂಡರ್ ಎನ್ನುತ್ತೇವೆ. ಮುಂದೆ ಫೆಬ್ರವರಿ 6ರಂದು ಸಾವಿರಾರು ಜನ ನೌಶೇರಾದ ಮೇಲೆ ಬಿದ್ದರು. ಐದು ದಿನ ಮೊದಲು ಕೋಟ್ ಬಂದಿರದಿದ್ದರೆ ಆ ದಿನದ ಕಥೆಯೇ ಬೇರೆ. ‘ನೌಶೇರಾದ ಸಿಂಹ’ ಎಂಬ ಬಿರುದು ಬಂದದ್ದು ಅಲ್ಲಿಂದ.

ಕುತೂಹಲಿ
ಇಷ್ಟೆಲ್ಲ ಇದ್ದೂ ಪರಮವೀರ ಚಕ್ರ ಏಕೆ ಬರಲಿಲ್ಲ?

ನಿವೃತ್ತ ಸುಬೇದಾರ
ಈ ‘ಏಕೆ ಬರಲಿಲ್ಲ’ ಪ್ರಶ್ನೆ ನನಗೆ ಒಗ್ಗುವುದಿಲ್ಲ. ಫೆಬ್ರವರಿ 6ರಂದೇ ತೈಂಧಾರ್ ಠಾಣೆಯಲ್ಲಿ ಕೊನೆಗೆ ಒಬ್ಬಂಟಿಯಾಗಿ ನುಗ್ಗಿದ ನಾಯಕ್ ಜದುನಾಥ್ ಸಿಂಗ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂದಿದೆ. ಅದು ಕೈಗೆ ಕೈ ಹತ್ತಿದ ಹೋರಾಟದ ಗೌರವ. ಬ್ರಿಗೇಡಿಯರನದು ತಿಂಗಳುಗಟ್ಟಲೆ ನಡೆದ ಕೆಲಸ. ಪದಕಗಳನ್ನು ತಕ್ಕಡಿಗೆ ಹಾಕಬೇಡಿ.

ಮಳೆಗಾಲ
ಯುದ್ಧದ ವಿವರ ಚೆನ್ನಾಗಿದೆ, ಆದರೆ ನೂರ್ ಅವರ ಮಾತನ್ನು ಪೂರ್ತಿ ಒಪ್ಪಲಾರೆ. 1947ರ ಬೇಸಿಗೆ, ಮಳೆಗಾಲದಲ್ಲಿ ಪಂಜಾಬು ಹೇಗಿತ್ತು ಎಂದು ನೆನೆಯಿರಿ. ಹೆಸರು ನೋಡಿ ರೈಲಿನಿಂದ ಇಳಿಸಿ ಕಡಿಯುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಮೊಹಮ್ಮದ್ ಉಸ್ಮಾನ್ ಎಂಬ ಹೆಸರಿಟ್ಟುಕೊಂಡು, ಧರ್ಮದ ಹೆಸರಿನಲ್ಲಿ ದಾಳಿ ಮಾಡುತ್ತಿದ್ದವರ ಎದುರು ನಿಲ್ಲುವುದು ಸಾಮಾನ್ಯವೇ? ಕೇವಲ ‘ಒಳ್ಳೆಯ ಕಮಾಂಡರ್’ ಎಂದು ಬರೆದರೆ ಅವರು ತೆತ್ತ ಬೆಲೆಯ ಅರ್ಧವನ್ನು ಅಳಿಸಿದಂತೆ ಆಗುತ್ತದೆ.

ನೂರ್
ಅಳಿಸಿ ಎಂದು ನಾನು ಹೇಳಲಿಲ್ಲ. ಅದನ್ನು ಅವರ ಆಯ್ಕೆಯಾಗಿ ಬರೆಯಿರಿ, ನನ್ನ ಪರೀಕ್ಷೆಯ ಮಾದರಿ ಉತ್ತರವಾಗಿ ಬೇಡ. ಇನ್ನೊಂದು ಮಾತು. ಅವರ ಅಂತ್ಯಕ್ರಿಯೆ ದೆಹಲಿಯಲ್ಲಿ ಸರ್ಕಾರಿ ಗೌರವದೊಂದಿಗೆ ನಡೆಯಿತು. ನೆಹರೂ, ರಾಜಾಜಿ, ಮೌಲಾನಾ ಆಜಾದ್ ಎಲ್ಲರೂ ಬಂದಿದ್ದರು. ಜಾಮಿಯಾ ಮಿಲ್ಲಿಯಾ ಬಳಿಯ ಆ ಸಮಾಧಿಯ ಕಲ್ಲು ಒಡೆದು ಬಿದ್ದಿದೆ ಎಂಬ ಸುದ್ದಿ 2020ರ ಡಿಸೆಂಬರಿನಲ್ಲಿ ಚಿತ್ರಸಮೇತ ಬಂತು. ಕೊನೆಗೆ ಸೇನೆಯೇ ಅದನ್ನು ಸರಿಪಡಿಸಿತು. ವರ್ಷಕ್ಕೊಮ್ಮೆ ಸಂದೇಶ ಹಂಚಿದವರಾಗಲಿ, ನಮ್ಮ ಸಮುದಾಯದ ಮುಖಂಡರಾಗಲಿ ಅಲ್ಲಿಯವರೆಗೆ ಆ ಕಡೆ ತಿರುಗಿ ನೋಡಿದ್ದರೇ?

ಕೊಡಗಿನವಳು
ಮಂಚದ ಕಥೆಯನ್ನು ಯಾರೂ ಹೇಳಲಿಲ್ಲವಲ್ಲ. ಝಂಗರ್ ಮರಳಿ ಬರುವವರೆಗೆ ಮಂಚದ ಮೇಲೆ ಮಲಗುವುದಿಲ್ಲ ಎಂದು ಪಣ ತೊಟ್ಟಿದ್ದರು. ಆ ಚಳಿಯಲ್ಲಿ ನೆಲದ ಮೇಲೆ ಚಾಪೆ. ಮಾರ್ಚ್ 18ರಂದು ಝಂಗರ್ ಗೆದ್ದಾಗ ಬ್ರಿಗೇಡಿನ ಠಾಣೆಯಲ್ಲಿ ಹುಡುಕಿದರೆ ಒಂದು ಮಂಚವೂ ಇರಲಿಲ್ಲವಂತೆ. ಹಳ್ಳಿಯಿಂದ ಎರವಲು ತಂದು ಹಾಕಿದರು. ಮಕ್ಕಳಿಗೆ ಇದು ಬಹಳ ಹಿಡಿಸುತ್ತದೆ.

ಚಾರ್ವಾಕ
ಮಂಚ ಇರಲಿ, ಅದರಲ್ಲಿ ಉಪ್ಪುಖಾರ ಸೇರಿಸಲು ಜಾಗ ಕಡಿಮೆ. ಆದರೆ ಮಕ್ಕಳಿಗೆಂದು ಬರೆಯುವಾಗ ಬಾಲಸೇನೆಯ ವಿಷಯವನ್ನು ಬಿಡುತ್ತೀರಾ? ನೌಶೇರಾದ ಅನಾಥ ಹುಡುಗರನ್ನು ಒಟ್ಟುಗೂಡಿಸಿ, ಊಟ ಹಾಕಿ, ಪಾಠ ಹೇಳಿಸಿದವರು ಇವರೇ. ಆ ಹುಡುಗರೇ ಕಾಳಗದ ನಡುವೆ ಸಂದೇಶ ಹೊತ್ತು ಓಡಿದರು. ಹತ್ತು ವರ್ಷದ ಹುಡುಗನನ್ನು ಗುಂಡಿನ ನಡುವೆ ಓಡಿಸಿದ್ದನ್ನು ಇಂದು ಶಾಲೆಯ ಗೋಡೆಯ ಮೇಲೆ ಮೆಚ್ಚಿ ಬರೆಯಬಹುದೇ?

ನಿವೃತ್ತ ಸುಬೇದಾರ
ಮುತ್ತಿಗೆಯಲ್ಲಿದ್ದ ಊರು ಅದು. ತಂದೆ ತಾಯಿ ಸತ್ತ ಹುಡುಗ ಎಲ್ಲಿದ್ದರೂ ಗುಂಡಿನ ನಡುವೆಯೇ ಇದ್ದ. ಬೀದಿಯಲ್ಲಿ ಹಸಿದು ಅಲೆಯುವುದಕ್ಕಿಂತ ಬ್ರಿಗೇಡಿನ ಅಡುಗೆಮನೆಯಲ್ಲಿ ಉಂಡದ್ದು ಅವನಿಗೆ ಮೇಲಾಯಿತು. ಮದುವೆಯಾಗದ ಮನುಷ್ಯ, ಸಂಬಳದ ದೊಡ್ಡ ಪಾಲನ್ನು ಬಡ ಮಕ್ಕಳ ಓದಿಗೆ ಕೊಡುತ್ತಿದ್ದರು. ಅವರನ್ನು ಮಕ್ಕಳನ್ನು ಬಲಿಕೊಟ್ಟವರ ಸಾಲಿಗೆ ಸೇರಿಸಬೇಡಿ.

ಚಾರ್ವಾಕ
ಸೇರಿಸಲಿಲ್ಲ ಸುಬೇದಾರರೇ. ಊಟ ಹಾಕಿದ್ದು ದೊಡ್ಡತನ, ಓಡಿಸಿದ್ದು ಅಂದಿನ ಅನಿವಾರ್ಯ. ಎರಡನ್ನೂ ಒಂದೇ ಹಾರದಲ್ಲಿ ಪೋಣಿಸಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಮೇಷ್ಟ್ರು
ಇಲ್ಲಿಯವರೆಗಿನದನ್ನು ಸೇರಿಸಿ ಹೀಗೆ ಬರೆದಿದ್ದೇನೆ: ‘ದೇಶ ವಿಭಜನೆಯಾದಾಗ ತಮ್ಮ ರೆಜಿಮೆಂಟ್ ಪಾಕಿಸ್ತಾನಕ್ಕೆ ಹೋದರೂ ಉಸ್ಮಾನ್ ಭಾರತವನ್ನು ಆರಿಸಿಕೊಂಡರು. ಕೋಟ್, ನೌಶೇರಾ, ಝಂಗರ್ ಎಂಬ ಮೂರು ಕಾಳಗಗಳನ್ನು ಏಳು ವಾರಗಳೊಳಗೆ ಗೆದ್ದುಕೊಟ್ಟರು. ನೌಶೇರಾದ ಅನಾಥ ಬಾಲಕರನ್ನು ಸಲಹಿದರು. 1948ರ ಜುಲೈ 3ರಂದು, 36 ತುಂಬಲು ಹನ್ನೆರಡು ದಿನ ಇರುವಾಗ, ಝಂಗರ್‌ನಲ್ಲಿ ಮಡಿದರು. ಆ ಯುದ್ಧದಲ್ಲಿ ಪ್ರಾಣ ಕೊಟ್ಟ ಭಾರತೀಯ ಸೇನಾಧಿಕಾರಿಗಳಲ್ಲಿ ಅವರೇ ಅತ್ಯಂತ ಹಿರಿಯ ದರ್ಜೆಯವರು.’ ಮಂಚದ ಪಣಕ್ಕೆ ಪಕ್ಕದಲ್ಲಿ ಒಂದು ಚಿತ್ರ ಬರೆಸುತ್ತೇನೆ.

ಮಳೆಗಾಲ
‘ಮಡಿದರು’ ಎಂದರೆ ಸಪ್ಪೆ. ‘ಎದೆಯೊಡ್ಡಿ ವೀರಮರಣವನ್ನಪ್ಪಿದರು’ ಎಂದು ಬರೆಯಿರಿ.

ನಿವೃತ್ತ ಸುಬೇದಾರ
ಬೇಡ. ಅವರು ಅಂದು ಎದೆಯೊಡ್ಡಿ ನಿಂತಿರಲಿಲ್ಲ. ಸಂಜೆ ಶೆಲ್ ದಾಳಿ ಶುರುವಾದಾಗ ಎಲ್ಲರಂತೆ ಬಂಡೆಯ ಮರೆಗೆ ಸರಿದರು. ದಾಳಿ ತುಸು ತಗ್ಗಿದಾಗ ಕಮಾಂಡ್ ಪೋಸ್ಟಿನ ಕಡೆಗೆ ಹೆಜ್ಜೆ ಹಾಕಿದರು. ಆಗ ಹತ್ತಿರವೇ ಶೆಲ್ ಬಿತ್ತು. 25 ಪೌಂಡರ್ ಫಿರಂಗಿಯದು. ಮರೆ ಸಿಕ್ಕರೆ ಮರೆಗೆ ಹೋಗಬೇಕು, ಕರ್ತವ್ಯ ಕರೆದರೆ ಹೊರಗೆ ಬರಬೇಕು, ಇದನ್ನೇ ನಮಗೆ ತರಬೇತಿಯಲ್ಲಿ ಕಲಿಸಿದ್ದು. ಅವರು ಅದನ್ನೇ ಮಾಡಿದರು.

ಮಳೆಗಾಲ
ಸರಿ, ‘ಎದೆಯೊಡ್ಡಿ’ ತೆಗೆಯಿರಿ. ‘ವೀರಮರಣ’ವನ್ನು ಮಾತ್ರ ನಾನು ಬಿಡುವುದಿಲ್ಲ.

ನೂರ್
ಅದಕ್ಕೆ ನನ್ನ ಒಪ್ಪಿಗೆಯೂ ಇದೆ. ಮೇಷ್ಟ್ರೇ, ಸಮಾಧಿ ದುರಸ್ತಿಯ ಸಾಲನ್ನೂ ಸೇರಿಸಿ, ಬಿಡಬೇಡಿ.