ಎಂಟೇ ತಿಂಗಳಿಗೆ ಮುರಿದ ಝಿರ್ಕೋನಿಯಾ ಬ್ರಿಡ್ಜ್: ತಪ್ಪು ಎಲ್ಲಿ ಆಗಿದೆ?

ಹುಬ್ಬಳ್ಳಿ ಲ್ಯಾಬ್ ತಂತ್ರಜ್ಞ:
ಕೆಳದವಡೆಗೆ ಝಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್‌ನಲ್ಲಿ ಮಾಡಿಕೊಟ್ಟಿದ್ದ ಮೂರು ಹಲ್ಲಿನ ಬ್ರಿಡ್ಜ್ (ಇಲ್ಲದ ಹಲ್ಲಿನ ಜಾಗ ತುಂಬಲು ಅಕ್ಕಪಕ್ಕದ ಹಲ್ಲುಗಳ ಮೇಲೆ ಕೂಡಿಸುವ ಕೃತಕ ಹಲ್ಲಿನ ಸಾಲು) ಎರಡು ತುಂಡಾಗಿ ನನ್ನ ಮೇಜಿಗೆ ಮರಳಿ ಬಂದಿದೆ. ಈ ವರ್ಷ ಇದು ಎರಡನೆಯದು. ರೋಗಿ ಕಡಕ್ ರೊಟ್ಟಿ ತಿಂದದ್ದೇ ಕಾರಣವೆಂದು ವೈದ್ಯರು ಹೇಳುತ್ತಾರೆ. ನಮ್ಮ ಭಾಗದಲ್ಲಿ ರೊಟ್ಟಿ ತಿನ್ನದವರು ಯಾರಿದ್ದಾರೆ? ಸಾವಿರ ಮೆಗಾಪಾಸ್ಕಲ್ (ವಸ್ತುವಿನ ಬಲ ಅಳೆಯುವ ಮಾನ) ತಡೆಯುವ ವಸ್ತು ರೊಟ್ಟಿಗೆ ಮುರಿಯಿತೆಂದರೆ ನಾನು ಒಪ್ಪಲಾರೆ. ಎಲ್ಲವನ್ನೂ ಎಂದಿನಂತೆಯೇ ಮಾಡಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಹಾವೇರಿ ಸೆರಾಮಿಸ್ಟ್:
ಇದು ಸಿಂಟರಿಂಗ್ ದೋಷವೇ ಸರಿ, ಅಂದರೆ ಕೊರೆದ ಝಿರ್ಕೋನಿಯಾವನ್ನು ಫರ್ನೇಸಿನಲ್ಲಿ ಸುಟ್ಟು ಗಟ್ಟಿಮಾಡುವ ಹಂತದ ದೋಷ. ಫರ್ನೇಸ್ 1500 ಡಿಗ್ರಿಯ ಆಸುಪಾಸಿಗೆ ಮುಟ್ಟುವ ಹೊತ್ತಿಗೆ ಕರೆಂಟ್ ಹೋಗಿ ಬಂದರೆ ಒಳಗೆ ರಂಧ್ರಗಳು ಉಳಿದುಬಿಡುತ್ತವೆ. ನಾನು ಫರ್ನೇಸಿಗೆಂದೇ ಬೇರೆ ಲೈನ್ ಎಳೆಸಿ, ದೊಡ್ಡ ಸ್ಟೆಬಿಲೈಸರ್ ಕೂಡಿಸಿದ ಮೇಲೆ ಒಂದು ಕೆಲಸವೂ ಮರಳಿ ಬಂದಿಲ್ಲ.

ಹುಬ್ಬಳ್ಳಿ ಲ್ಯಾಬ್ ತಂತ್ರಜ್ಞ:
ಸರ್, ಸಿಂಟರಿಂಗ್ ಅರ್ಧವಾಗಿದ್ದರೆ ಬ್ರಿಡ್ಜ್ ಪೂರ್ತಿ ಕುಗ್ಗುತ್ತಿರಲಿಲ್ಲ, ಹಲ್ಲಿನ ಮೇಲೆ ಕೂಡುತ್ತಲೂ ಇರಲಿಲ್ಲ. ಫಿಟ್ ಚೆನ್ನಾಗಿಯೇ ಇತ್ತು. ಅದೇ ದಿನ ಅದೇ ತಟ್ಟೆಯಲ್ಲಿ ಸುಟ್ಟ ನಾಲ್ಕು ಕ್ಯಾಪ್‌ಗಳು ಇಂದಿಗೂ ಗಟ್ಟಿಯಾಗಿವೆ.

ಹಾವೇರಿ ಸೆರಾಮಿಸ್ಟ್:
ಫಿಟ್ ಸರಿಯಿದ್ದ ಮಾತ್ರಕ್ಕೆ ಒಳಗೆ ರಂಧ್ರವಿಲ್ಲವೆಂದು ಹೇಳಲಾಗದು. ಮೊದಲು ವೋಲ್ಟೇಜ್ ಅಳೆಯಿರಿ. ಗ್ಲೇಜ್ ಎರಡು ಸಲ ಕೊಡಿ, ಗೀರುಗಳು ತುಂಬಿಕೊಳ್ಳುತ್ತವೆ.

ಗದಗ ದಂತವೈದ್ಯೆ:
ಗ್ಲೇಜ್ ಎಂದರೆ ತೆಳುವಾದ ಗಾಜಿನ ಪದರ. ಅದು ಗೀರನ್ನು ಮುಚ್ಚುತ್ತದೆಯೇ ಹೊರತು ಅದರ ಬುಡದ ಬಿರುಕನ್ನು ಬೆಸೆಯುವುದಿಲ್ಲ. ಕಚ್ಚುವ ಮುಖದಲ್ಲಿ ಅದು ಸವೆದ ಮೇಲೆ ಒರಟು ಝಿರ್ಕೋನಿಯಾ ಎದುರು ಹಲ್ಲನ್ನೂ ಸವೆಸುತ್ತದೆ. ಆ ಚರ್ಚೆ ಇರಲಿ. ಬ್ರಿಡ್ಜ್ ಕೊರೆದ ಝಿರ್ಕೋನಿಯಾ ಡಿಸ್ಕ್ 3ವೈ (ಇಟ್ರಿಯಾ ಕಡಿಮೆ, ಬಲ ಹೆಚ್ಚು) ಆಗಿತ್ತೋ 5ವೈ (ಇಟ್ರಿಯಾ ಹೆಚ್ಚು, ಬೆಳಕು ಹೆಚ್ಚು ಹಾಯುವಂಥದು) ಆಗಿತ್ತೋ? ಸಿಂಟರಿಂಗ್ ನಂತರ ಎಲ್ಲಿಯಾದರೂ ಬರ್ (ತಿರುಗಿ ಉಜ್ಜುವ ಉಪಕರಣ) ಹಾಕಿದಿರಾ? ಒಡಕು ಶುರುವಾದ ಜಾಗ ಯಾವುದು?

ಹುಬ್ಬಳ್ಳಿ ಲ್ಯಾಬ್ ತಂತ್ರಜ್ಞ:
ಮೇಡಂ, ಬಣ್ಣ ಚೆನ್ನಾಗಿ ಬರಲೆಂದು ಈ ವರ್ಷದಿಂದ 5ವೈ ಡಿಸ್ಕ್ ಬಳಸುತ್ತಿದ್ದೇನೆ. ಟ್ರಯಲ್‌ನಲ್ಲಿ ಒಸಡು ಒತ್ತುತ್ತದೆಂದು ವೈದ್ಯರು ಮರಳಿಸಿದ್ದರಿಂದ ಕನೆಕ್ಟರ್‌ನ (ಬ್ರಿಡ್ಜ್‌ನ ಒಂದು ಹಲ್ಲನ್ನು ಇನ್ನೊಂದಕ್ಕೆ ಸೇರಿಸುವ ಭಾಗದ) ಕೆಳಮುಖವನ್ನು ಒರಟು ಡೈಮಂಡ್ ಬರ್‌ನಿಂದ, ನೀರಿಲ್ಲದೆ, ಸ್ವಲ್ಪ ತೆಗೆದೆ. ಬಳಿಕ 110 ಮೈಕ್ರಾನ್ ಅಲ್ಯುಮಿನಾದಿಂದ 4 ಬಾರ್ ಒತ್ತಡದಲ್ಲಿ ಸ್ಯಾಂಡ್‌ಬ್ಲಾಸ್ಟ್ ಮಾಡಿ (ಗಾಳಿಯೊಡನೆ ಪುಡಿ ಚಿಮ್ಮಿಸಿ) ಗ್ಲೇಜ್ ಕೊಟ್ಟೆ. ಹತ್ತು ಪಟ್ಟಿನ ಲೆನ್ಸ್ ಹಿಡಿದು ಈಗ ನೋಡಿದೆ. ಬರ್ ಗೀರುಗಳು ಕನೆಕ್ಟರಿಗೆ ಅಡ್ಡಡ್ಡವಾಗಿ ಸಾಲುಗಟ್ಟಿವೆ; ಒಡಕು ಅಂಥದೊಂದು ಗೀರಿನಿಂದಲೇ ಹೊರಟು ಮೇಲಕ್ಕೆ ಬೀಸಣಿಗೆಯಂತೆ ಹರಡಿದೆ.

ಧಾರವಾಡ ಮೆಟೀರಿಯಲ್ಸ್ ಶಿಕ್ಷಕ:
ಅಗಿಯುವಾಗ ಬ್ರಿಡ್ಜ್ ತೊಲೆಯಂತೆ ಬಾಗುತ್ತದೆ. ಎಳೆತ ಹೆಚ್ಚಾಗಿ ಬೀಳುವುದು ಕನೆಕ್ಟರ್‌ನ ಕೆಳಮುಖದ ಮೇಲೆ, ಅಂದರೆ ನೀವು ಗೀರಿದ ಜಾಗದ ಮೇಲೆಯೇ. 3ವೈ ಝಿರ್ಕೋನಿಯಾದಲ್ಲಿ ಪೆಟ್ಟು ಬಿದ್ದ ಕಡೆ ಟೆಟ್ರಾಗೋನಲ್ ಎಂಬ ಹರಳುರೂಪದ ಕಣಗಳು ಮೊನೋಕ್ಲಿನಿಕ್ ಎಂಬ ಇನ್ನೊಂದು ಹರಳುರೂಪಕ್ಕೆ ತಿರುಗಿ ಸುಮಾರು 4 ಪ್ರತಿಶತ ಉಬ್ಬುತ್ತವೆ, ಹಾಗೂ ಆ ಉಬ್ಬು ಮೇಲ್ಪದರವನ್ನು ಅದುಮಿ ಸಣ್ಣ ಬಿರುಕುಗಳ ಬಾಯಿ ಮುಚ್ಚುತ್ತದೆ; ಆದ್ದರಿಂದಲೇ 50 ಮೈಕ್ರಾನ್‌ನ ಹಗುರ ಸ್ಯಾಂಡ್‌ಬ್ಲಾಸ್ಟ್ 3ವೈಗೆ ಕೆಲವೊಮ್ಮೆ ಬಲವನ್ನೇ ಕೊಡುತ್ತದೆ. 5ವೈಯಲ್ಲಿ ಸುಮಾರು ಅರ್ಧ ಭಾಗ ಹೀಗೆ ತಿರುಗದ ಕ್ಯೂಬಿಕ್ ರೂಪದಲ್ಲಿರುವುದರಿಂದ ಆ ರಕ್ಷಣೆ ಬಹುಮಟ್ಟಿಗೆ ಇಲ್ಲ. ಗಾಯ ಗಾಯವಾಗಿಯೇ ಉಳಿಯುತ್ತದೆ. ನೀವು ಹೇಳಿದ ಸಾವಿರ ಮೆಗಾಪಾಸ್ಕಲ್ ಕೂಡ 3ವೈಯ ಅಂಕಿ; 5ವೈಯದು 600ರ ಆಸುಪಾಸು.

ಹಾವೇರಿ ಸೆರಾಮಿಸ್ಟ್:
ದವಡೆಹಲ್ಲು ಸೇರಿದ ಮೂರು ಹಲ್ಲಿನ ಬ್ರಿಡ್ಜ್‌ಗೆ ದಂತ ಸೆರಾಮಿಕ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6872 ಕೇಳುವುದು 500 ಮೆಗಾಪಾಸ್ಕಲ್ ಮಾತ್ರ. 600 ಸಾಕಲ್ಲವೇ?

ಧಾರವಾಡ ಮೆಟೀರಿಯಲ್ಸ್ ಶಿಕ್ಷಕ:
ಅದು ಸಿದ್ಧಪಡಿಸಿದ ಮಾದರಿಯನ್ನು ಒಂದೇ ಸಲ ಒತ್ತಿ ಮುರಿದಾಗ ಸಿಗುವ ಅಂಕಿ, ಸರ್. ಬಾಯಿಯಲ್ಲಿ ಹೊರೆ ಲಕ್ಷಾಂತರ ಸಲ ಬೀಳುತ್ತದೆ. ಜೊಲ್ಲಿನ ನೀರು ಬಿರುಕಿನ ತುದಿಗೆ ಇಳಿದು ಅಲ್ಲಿನ ಬಂಧಗಳನ್ನು ಸಡಿಲಿಸುವುದರಿಂದ, ಆ ಅಂಕಿಗಿಂತ ಬಹಳ ಕಡಿಮೆ ಹೊರೆಯಲ್ಲೂ ಬಿರುಕು ಕೂದಲೆಳೆಯಷ್ಟಾಗಿ ಬೆಳೆಯುತ್ತಲೇ ಇರುತ್ತದೆ. ರೊಟ್ಟಿ ಕೊನೆಯ ಹೊರೆಯಷ್ಟೇ.

ಗದಗ ದಂತವೈದ್ಯೆ:
ಇಂಥ ತಿದ್ದುಪಡಿಯನ್ನು ಸಿಂಟರಿಂಗ್‌ಗೆ ಮೊದಲೇ, ಮೆತ್ತಗಿರುವಾಗ ಮುಗಿಸಿ. ಆಮೇಲೆ ತೆಗೆಯಲೇಬೇಕಾದರೆ ನುಣುಪು ಬರ್, ಧಾರಾಳ ನೀರು, ಹಗುರ ಕೈ. ನಂತರ ಡೈಮಂಡ್ ರಬ್ಬರ್‌ನಿಂದ ಹಂತಹಂತವಾಗಿ, ಗೀರು ಕಾಣದ ತನಕ ಪಾಲಿಶ್. ಸ್ಯಾಂಡ್‌ಬ್ಲಾಸ್ಟ್ ಅಂಟಿಸುವ ಒಳಮೈಗೆ ಮಾತ್ರ, 50 ಮೈಕ್ರಾನ್, 2 ಬಾರ್ ಮೀರದಂತೆ.

ಹುಬ್ಬಳ್ಳಿ ಲ್ಯಾಬ್ ತಂತ್ರಜ್ಞ:
ಇದೇ ರೀತಿ ಒಣಗೀರಿದ ಇನ್ನೊಂದು 5ವೈ ಬ್ರಿಡ್ಜ್ ಈಗಾಗಲೇ ಒಬ್ಬ ಅಜ್ಜಿಯ ಬಾಯಲ್ಲಿದೆ. ಅಲ್ಲಿಯೇ ಪಾಲಿಶ್ ಮಾಡಿಸಬಹುದೇ?

ಗದಗ ದಂತವೈದ್ಯೆ:
ಕನೆಕ್ಟರ್‌ನ ಕೆಳಮುಖಕ್ಕೆ ಬಾಯಿಯೊಳಗೆ ರಬ್ಬರ್ ಮುಟ್ಟುವುದಿಲ್ಲ. ಹಾಕಿದ ವೈದ್ಯರಿಗೆ ಇಂದೇ ಫೋನ್ ಮಾಡಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಬದಲಿಗೆ ಹೊಸದನ್ನು 3ವೈಯಲ್ಲಿ ಮಾಡಲು ಶುರುಮಾಡಿ.