ಸಬ್‌ವೂಫರ್ ಯಾವ ಮೂಲೆಗಿಟ್ಟರೂ ಕುರ್ಚಿಯಲ್ಲಿ ಬೇಸ್ ಇಲ್ಲ

ಪ್ರಶ್ನೆ: ರೂಮು 14 ಅಡಿ ಉದ್ದ, 10 ಅಡಿ ಅಗಲ. ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಸ್ಪೀಕರ್‌ಗಳು ಚಿಕ್ಕ ಗೋಡೆ ಕಡೆ, ಕುರ್ಚಿ ನಟ್ಟನಡುವೆ, 10 ಇಂಚಿನ ಸಬ್ (ಬರೀ ತಗ್ಗು ಸ್ವರ, ಅಂದರೆ ಬೇಸ್, ನುಡಿಸುವ ಸಬ್‌ವೂಫರ್ ಸ್ಪೀಕರ್) ಎಡ ಮೂಲೆಯಲ್ಲಿ. ಬೇಸ್ ಗಿಟಾರಿನ ದಪ್ಪ ತಂತಿಯ ಇ ಸ್ವರ ಕುರ್ಚಿಯಲ್ಲಿ ಮಾಯ, ಅದರ ಮೇಲಿನ ಇ ಮಾತ್ರ ಗುಂಯ್ ಅನ್ನುತ್ತದೆ. ಹಿಂದಿನ ಗೋಡೆಗೆ ಒರಗಿ ನಿಂತರೆ ಎಲ್ಲಾ ಜೋರಾಗಿ ಕೇಳಿಸುತ್ತದೆ. ಬಲ ಮೂಲೆಗೆ ಇಟ್ಟರೂ ಅದೇ ಕಥೆ. ವಾಲ್ಯೂಮ್ ಏರಿಸಿದರೆ ಕಿಟಕಿ ಗಾಜು ಗಡಗಡ ಅನ್ನುತ್ತದೆ ಅಷ್ಟೇ. ಇನ್ನೊಂದು ಸಬ್ ತಗೊಳ್ಳಲಾ?

ಉತ್ತರ: ಈಗಲೇ ದುಡ್ಡು ಹಾಕಬೇಡಿ ಸರ್. ಮೊದಲು ಕುರ್ಚಿ ಸರಿಸಿ.

ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ನಿಮ್ಮ 14 ಅಡಿ ಅಂದರೆ 4.27 ಮೀಟರ್, ವೇಗವನ್ನು ಅದರ ಎರಡರಷ್ಟರಿಂದ ಭಾಗಿಸಿದರೆ 40 ಹರ್ಟ್ಜ್ ಬರುತ್ತದೆ, ಅಂದರೆ ಸೆಕೆಂಡಿಗೆ 40 ಕಂಪನದ ಶಬ್ದದ ಅಲೆ ಮುಂದಿನ ಮತ್ತು ಹಿಂದಿನ ಗೋಡೆಗಳ ನಡುವೆ ಹೋಗಿಬಂದು ಅಲ್ಲೇ ನಿಂತುಬಿಡುತ್ತದೆ. ಆ ಅಲೆ ಎದುರುಬದುರು ಗೋಡೆಗಳ ಹತ್ತಿರ ಜೋರು, ಸರಿಯಾಗಿ ನಡುವೆ ಸೊನ್ನೆ. ದಪ್ಪ ತಂತಿಯ ಇ 41 ಹರ್ಟ್ಜ್, ಅದಕ್ಕೇ ಮಾಯ. ಮೇಲಿನ ಇ 82 ಹರ್ಟ್ಜ್, 40ರ ಎರಡರಷ್ಟಾದ 80 ಹರ್ಟ್ಜ್ ಅಲೆಗೆ ನಡುವೆಯೇ ಉಬ್ಬು, ಅದಕ್ಕೇ ಗುಂಯ್. ಇಟ್ಟಿಗೆ ಗೋಡೆ ಬೇಸನ್ನು ಹೆಚ್ಚು ಹೀರಿಕೊಳ್ಳುವುದಿಲ್ಲ, ಹಾಗಾಗಿ ಏರಿಳಿತ ಇನ್ನೂ ಜಾಸ್ತಿ. ಈಕ್ವಲೈಜರ್‌ನಲ್ಲಿ ಉಬ್ಬು ತಗ್ಗಿಸಬಹುದು, ಆದರೆ ಈ ಹಳ್ಳ ತುಂಬೋಕೆ ಹೋದರೆ ಸುಮ್ನೆ ಆಂಪ್ಲಿಫೈಯರ್‌ಗೆ ಕಷ್ಟ.

ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿಗೆ ಕುರ್ಚಿ ತನ್ನಿ, ಅಲ್ಲಿ ಈ ಎರಡೂ ಸ್ವರ ಹೆಚ್ಚುಕಮ್ಮಿ ಸಮ ಆಗುತ್ತವೆ. ಅಗಲದ ಲೆಕ್ಕದಲ್ಲಿ 56 ಹರ್ಟ್ಜ್‌ಗೂ ಒಂದು ಹಳ್ಳ ಇದೆ, ಆದರೆ ಸ್ಟೀರಿಯೋ ಸರಿಯಾಗಿ ಕೇಳಬೇಕು ಅಂದ್ರೆ ಅಗಲದ ನಡುವೆಯೇ ಕೂರಬೇಕಲ್ವಾ, ಅದನ್ನು ಬಿಟ್ಟುಬಿಡಿ.

ಆಮೇಲೆ ಸಬ್ಬನ್ನೇ ಕುರ್ಚಿ ಮೇಲಿಟ್ಟು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸ್ವರ ಹತ್ತುವ ಬೇಸ್ ಲೈನ್ ಹಾಕಿ. ಗೋಡೆ ಪಕ್ಕ ಮಂಡಿಯೂರಿ, ಕಿವಿ ನೆಲದಿಂದ ಒಂದಡಿ ಎತ್ತರದಲ್ಲಿಟ್ಟು ನಿಧಾನವಾಗಿ ಸುತ್ತಿ. ಎಲ್ಲಾ ಸ್ವರ ಒಂದೇ ಸಮ ಕೇಳಿಸುವ ಜಾಗವೇ ಸಬ್ಬಿನ ಜಾಗ. ಸಬ್ ಮತ್ತು ಕಿವಿ ಅದಲುಬದಲಾದರೂ ರೂಮಿನ ಪರಿಣಾಮ ಒಂದೇ. ಮೂಲೆಯೇ ಬರಬೇಕು ಅಂತೇನಿಲ್ಲ, ಮೂಲೆ ಎಲ್ಲಾ ಅಲೆಗಳನ್ನೂ ಎಬ್ಬಿಸುತ್ತದೆ.

ಎರಡನೇ ಸಬ್ ಬೇಕಾಗುವುದು ಸೋಫಾದಲ್ಲಿ ಮೂರ್ನಾಲ್ಕು ಜನ ಕೂತು ಕೇಳುವಾಗ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಇದನ್ನು ಪರೀಕ್ಷಿಸಿ, ಎದುರುಬದುರು ಗೋಡೆಗಳ ನಡುಭಾಗಕ್ಕೆ ಒಂದೊಂದು ಇಟ್ಟರೆ ಸೀಟಿನಿಂದ ಸೀಟಿಗೆ ವ್ಯತ್ಯಾಸ ಚೆನ್ನಾಗಿ ತಗ್ಗುತ್ತದೆ ಅಂತ ತೋರಿಸಿದ್ದರು. ನಿಮ್ಮದು ಒಂದೇ ಕುರ್ಚಿ.

ಪ್ರಶ್ನೆ: ಕುರ್ಚಿ ಸರಿಸಿದೆ, ಕೆಳಗಿನ ಇ ಬಂತು! ಸಬ್ ಬಲಗೋಡೆಗೆ, ಸ್ಪೀಕರಿನಿಂದ ಸ್ವಲ್ಪ ಹಿಂದೆ ಬಂದಿದೆ. ಈಗ ಕಿಕ್ ಡ್ರಮ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಯಾಕೋ ತೆಳ್ಳಗಿದೆ.

ಉತ್ತರ: ಸಬ್ ಮತ್ತು ಸ್ಪೀಕರ್‌ಗಳ ಅಲೆ ಒಂದನ್ನೊಂದು ಅಳಿಸುತ್ತಿರಬಹುದು. ಕ್ರಾಸ್‌ಓವರ್ (ಸಬ್ ಮುಗಿದು ಸ್ಪೀಕರ್ ಶುರುವಾಗುವ ಹರ್ಟ್ಜ್) 80ರಲ್ಲಿದ್ದರೆ 80 ಹರ್ಟ್ಜ್ ಟೋನ್ ಹಾಕಿ ಕುರ್ಚಿಯಲ್ಲಿ ಕೂತುಕೊಳ್ಳಿ, ಮನೆಯಲ್ಲಿ ಯಾರಿಗಾದರೂ ಸಬ್ಬಿನ ಹಿಂದಿರುವ ಫೇಸ್ ಸ್ವಿಚ್ಚನ್ನು (ಸಬ್ಬಿನ ಅಲೆಯನ್ನು ತಲೆಕೆಳಗು ಮಾಡುವ ಸ್ವಿಚ್ಚು) 0 ಮತ್ತು 180ಕ್ಕೆ ಬದಲಿಸಲು ಹೇಳಿ. ಯಾವುದರಲ್ಲಿ ಜೋರು ಕೇಳುತ್ತೋ ಅದರಲ್ಲೇ ಬಿಡಿ. ಸಬ್ಬಿನ ಲೆವೆಲ್ ಆಮೇಲೆ ಮುಟ್ಟಿ.