ಸ್ವಿಚ್ ಹಾಕುವ ಮೊದಲೇ ಔಟ್‌ಪುಟ್ ಶಾರ್ಟ್ ಆಗಿದ್ದರೆ: ಇ-ಫ್ಯೂಸ್ ಪರೀಕ್ಷೆ ಹೇಗೆ?

ಪ್ರಶ್ನೆ (ಚಿಕ್ಕಮಗಳೂರು)

ನಮಸ್ಕಾರ. ಕಾಫಿ ತೋಟದ ಹನಿ ನೀರಾವರಿ ವಾಲ್ವ್‌ಗಳಿಗಾಗಿ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಕಂಟ್ರೋಲರ್ ಒಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಳೆ ಹೊಡೆಯುವ ಮಿಷನ್ನಿನ ಬ್ಲೇಡು ತಗುಲಿ ಕೇಬಲ್ಲಿನ ಎರಡು ತಂತಿಗಳು ಕೂಡಿಕೊಂಡಿರುವುದು ಸಾಮಾನ್ಯ. ಅದನ್ನು ತಿಳಿಯದೆ ಬೆಳಿಗ್ಗೆ ಯಾರಾದರೂ ಸ್ವಿಚ್ ಹಾಕುತ್ತಾರೆ. ಇ-ಫ್ಯೂಸ್ ಐಸಿಯ (ಕರೆಂಟನ್ನು ಮಿತಿಯಲ್ಲಿಟ್ಟು, ಶಾರ್ಟ್ ಆದರೆ ತಾನೇ ಆಫ್ ಆಗುವ ಚಿಪ್) ಕರೆಂಟ್ ಮಿತಿ 2 ಆಂಪಿಯರ್, ಔಟ್‌ಪುಟ್ ಕೆಪಾಸಿಟರ್ 470 ಮೈಕ್ರೋಫ್ಯಾರಡ್. 3 ಆಂಪಿಯರಿನ ಬೆಂಚ್ ಪವರ್ ಸಪ್ಲೈನಲ್ಲಿ, ಔಟ್‌ಪುಟ್ ಶಾರ್ಟ್ ಮಾಡಿಯೇ ಆನ್ ಮಾಡಿದಾಗ ಐಸಿ ಆಫ್ ಆಯಿತು, ಏನೂ ಸುಡಲಿಲ್ಲ. ಇಷ್ಟು ಪರೀಕ್ಷೆ ಸಾಕೇ?

ಉತ್ತರ 1 (ಹಾಸನ)

ಸಾಲದು. ಕರೆಂಟ್ ಒಂದು ಕ್ಷಣ 3 ಆಂಪಿಯರ್ ದಾಟಿದರೂ ಆ ಸಪ್ಲೈಯ ವೋಲ್ಟೇಜ್ ಕುಸಿಯುತ್ತದೆ. ಆಗ ಐಸಿ ಇನ್‌ಪುಟ್ ವೋಲ್ಟೇಜ್ ಸಾಲದೆ ಆಫ್ ಆಗಿದ್ದರೂ ನೋಡುವವರಿಗೆ ಶಾರ್ಟ್ ರಕ್ಷಣೆಯೇ ಕೆಲಸ ಮಾಡಿದಂತೆ ಕಾಣುತ್ತದೆ. ಬ್ಯಾಟರಿ ಹಾಗೆ ಬಾಗಿಕೊಡುವುದಿಲ್ಲ. ತೋಟದಲ್ಲಿ ಬಳಸುವ ಬ್ಯಾಟರಿಯನ್ನೇ, ಸುರಕ್ಷತೆಗೆ ಒಂದು ಮಾಮೂಲಿ ಫ್ಯೂಸಿನೊಂದಿಗೆ, ಜೋಡಿಸಿ ಪರೀಕ್ಷಿಸಿ.

ಐಸಿಯನ್ನು ಅದರ ಎನೇಬಲ್ ಪಿನ್ನಿನಿಂದ (ಆನ್-ಆಫ್ ಸಂಕೇತ ಕೊಡುವ ಪಿನ್) ಆನ್ ಮಾಡುವುದು ಬೇರೆ, ಬ್ಯಾಟರಿಯ ತಂತಿಯನ್ನೇ ಸಿಕ್ಕಿಸಿ ಆನ್ ಮಾಡುವುದು ಬೇರೆ, ಎರಡನ್ನೂ ಮಾಡಿ. ಎರಡನೆಯದರಲ್ಲಿ ತಂತಿಯ ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಯನ್ನು ವಿರೋಧಿಸುವ ಗುಣ) ಮತ್ತು ಇನ್‌ಪುಟ್ ಸೆರಾಮಿಕ್ ಕೆಪಾಸಿಟರ್ ಸೇರಿ ವೋಲ್ಟೇಜನ್ನು ಕ್ಷಣಕಾಲ ಸುಮಾರು ಇಮ್ಮಡಿಗೆ ಎತ್ತಬಲ್ಲವು, ಆದ್ದರಿಂದ ಇನ್‌ಪುಟ್‌ನಲ್ಲಿ ಇಂಥ ಏರಿಕೆಯನ್ನು ತಡೆಯುವ ಟಿವಿಎಸ್ ಡಯೋಡ್ ಬೇಕೇ ಬೇಕು. ಆಸಿಲೋಸ್ಕೋಪನ್ನು ಇನ್‌ಪುಟ್ ವೋಲ್ಟೇಜ್ ಏರುವ ಅಂಚಿಗೆ ಸಿಂಗಲ್ ಟ್ರಿಗರ್‌ನಲ್ಲಿಟ್ಟು (ಒಮ್ಮೆ ಮಾತ್ರ ಸೆರೆಹಿಡಿಯುವಂತೆ) ಇನ್‌ಪುಟ್, ಔಟ್‌ಪುಟ್, ಕರೆಂಟ್ ಮೂರನ್ನೂ ಒಟ್ಟಿಗೆ ನೋಡಿದರೆ ಐಸಿ ಯಾವ ಕಾರಣಕ್ಕೆ ಆಫ್ ಆಯಿತು ಎಂಬುದು ತಿಳಿಯುತ್ತದೆ.

ಉತ್ತರ 2 (ಸಕಲೇಶಪುರ)

ಬೋರ್ಡಿನ ಬಾಯಲ್ಲೇ ಶಾರ್ಟ್ ಆದರೆ ಐಸಿಯ ಮಾಸ್ಫೆಟ್ (ಕರೆಂಟನ್ನು ಹರಿಸುವ, ಕಡಿಯುವ ಸ್ವಿಚ್) ಮೇಲೆ 12 ವೋಲ್ಟ್, 2 ಆಂಪಿಯರ್, ಅಂದರೆ 24 ವ್ಯಾಟ್ ಬೀಳುತ್ತದೆ. ಥರ್ಮಲ್ ಶಟ್‌ಡೌನ್ (ಬಿಸಿ ಹೆಚ್ಚಾಗಿ ಐಸಿ ತಾನೇ ಆಫ್ ಆಗುವುದು) ಬೇಗ ಬರುತ್ತದೆ. ನನಗೆ ಹೆಚ್ಚು ಚಿಂತೆಯಿರುವುದು ದೂರದ ಶಾರ್ಟ್ ಬಗ್ಗೆ. 1 ಚದರ ಮಿಲಿಮೀಟರ್ ತಾಮ್ರದ ತಂತಿ 100 ಮೀಟರ್ ಹೋಗಿ ಬಂದರೆ ಸುಮಾರು 3.5 ಓಮ್. ಮಿತಿಯ 2 ಆಂಪಿಯರಿನಲ್ಲಿ 7 ವೋಲ್ಟ್ ಕೇಬಲ್ಲಿನಲ್ಲೇ ಉಳಿಯುತ್ತದೆ, ಮಾಸ್ಫೆಟ್ ಮೇಲೆ 5 ವೋಲ್ಟ್, 10 ವ್ಯಾಟ್. ಅದು ತಡವಾಗಿ ಬಿಸಿಯಾಗುತ್ತದೆ, ಆಫ್ ಆಗುತ್ತದೆ, ಆಟೋ-ರಿಟ್ರೈ ಮಾದರಿಯ ಐಸಿಯಾದರೆ ತಣಿದು ಮತ್ತೆ ಆನ್ ಆಗುತ್ತದೆ, ಯಾರೂ ಗಮನಿಸದಿದ್ದರೆ ದಿನವಿಡೀ ಹೀಗೇ. ಯಾರೂ ಕಾವಲಿಲ್ಲದ ತೋಟಕ್ಕೆ ಲ್ಯಾಚ್-ಆಫ್ ಮಾದರಿಯೇ (ಒಮ್ಮೆ ಆಫ್ ಆದರೆ ತಾನಾಗಿ ಮತ್ತೆ ಆನ್ ಆಗದ್ದು) ಸರಿ ಎಂಬುದು ನನ್ನ ಅಭಿಪ್ರಾಯ.

ಕೇಬಲ್ಲಿನ ಪೂರ್ತಿ ಸುರುಳಿಯನ್ನೇ ಜೋಡಿಸಿ, ತುದಿಯನ್ನು ಶಾರ್ಟ್ ಮಾಡಿ ಪರೀಕ್ಷಿಸಿ. ಕರೆಂಟ್ ಕಡಿದಾಗ ಸುರುಳಿ ಔಟ್‌ಪುಟ್ಟನ್ನು ಸೊನ್ನೆಗಿಂತ ಕೆಳಕ್ಕೆ ಎಳೆಯುತ್ತದೆ. ಅದನ್ನು ತಡೆಯಲು ಔಟ್‌ಪುಟ್ಟಿನಿಂದ ಗ್ರೌಂಡಿಗೆ ಶಾಟ್ಕಿ ಡಯೋಡ್ ಹಾಕಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಶಾರ್ಟ್ ಇಲ್ಲದಾಗ ಕೆಪಾಸಿಟರಿನಿಂದಲೇ ಐಸಿ ಆಫ್ ಆಗುವ ಸಾಧ್ಯತೆ ಇದೆಯೇ?

ಉತ್ತರ 1 (ಹಾಸನ)

ಔಟ್‌ಪುಟ್ 10 ಮಿಲಿಸೆಕೆಂಡಿನಲ್ಲಿ ಏರುವಂತೆ ಇಟ್ಟರೆ 470 ಮೈಕ್ರೋಫ್ಯಾರಡ್‌ಗೆ 0.56 ಆಂಪಿಯರ್ ಸಾಕು, ಅದು 2 ಆಂಪಿಯರಿನ ಮಿತಿಗಿಂತ ತುಂಬಾ ಕಡಿಮೆ. ಆ ಹೊತ್ತಿನಲ್ಲಿ ವಾಲ್ವ್‌ಗಳನ್ನು ಮಾತ್ರ ಆನ್ ಮಾಡಬೇಡಿ.